ತುಂಬುಮಣ್ಣು

ನಮೂನೆಯಲ್ಲಿ ಅದಕ್ಕೆ ಒಂದೇ ಸಾಲಿನ ಜಾಗ:
ಸೊನ್ನೆಯಿಂದ ಇಷ್ಟು ಮೀಟರ್, ತುಂಬುಮಣ್ಣು.
ಹನ್ನೊಂದು ವರ್ಷದಿಂದ ಬರೆಯುತ್ತಿದ್ದೇನೆ ಆ ಪದ,
ಕೋಡಿಬಾಗದಲ್ಲಿ, ಬೈತಖೋಲದಲ್ಲಿ,
ಈಗ ಕಾಜುಬಾಗದ ಈ ಎಂಟು ಗುಂಟೆಯಲ್ಲಿ.
ಅರವತ್ತಮೂರೂವರೆ ಕಿಲೋದ ಸುತ್ತಿಗೆ ಬೀಳುತ್ತದೆ,
ಎಷ್ಟು ಏಟಿಗೆ ಒಂದು ಅಡಿ ಇಳಿಯಿತು, ಎಣಿಸುತ್ತೇನೆ.
ನನ್ನ ಓದು ಅಷ್ಟೇ.

ಆದರೆ ಜೆಸಿಬಿ ಬಗೆದ ಗುಂಡಿಯ ಪಡುಗೋಡೆ
ಬೆಳಗಿನ ಬಿಸಿಲಿಗೆ ಒದ್ದೆಯಾಗಿ ನಿಂತಿತ್ತು,
ಸೀರೆ ಪೇರಿಸಿದ ಕಪಾಟಿನ ಹಾಗೆ, ಮಡಿಕೆ ಮಡಿಕೆ.

ಮೇಲೆ ಗುಟ್ಕಾ ಚೀಟಿ, ಟೈಲ್ಸ್ ಚೂರು,
ಚತುಷ್ಪಥಕ್ಕೆ ಕೆಡವಿದ ಯಾರದೋ ಅಂಗಳದ ಕಾಂಕ್ರೀಟು.
ಅದು ಇಲ್ಲಿಯದಲ್ಲ, ಲಾರಿಯಲ್ಲಿ ಬಂದದ್ದು.
ಒಂದು ಮೊಳ ಕೆಳಗೆ ಸೋಡಾ ಬಾಟಲಿಯ ಗೋಲಿ, ಒಂಬತ್ತು;
ಪಕ್ಕದಲ್ಲೇ ಎನಾಮಲ್ ಬೋರ್ಡಿನ ತುಂಡು.
ನಾಗರಿಯಲ್ಲಿ ಬರೆದದ್ದು,
ತುಕ್ಕು ತಿಂದು ಒಂದೇ ಅಕ್ಷರ ಬಿಟ್ಟಿದೆ: ಳ.
ಯಾವ ಭಾಷೆಯ ಅಂಗಡಿಯೋ.
ಈ ಊರಲ್ಲಿ ಜಗಳವಾಡಿದ ಮೂರೂ ಭಾಷೆಗೆ
ಬೇಕಾದ ಅಕ್ಷರವೇ ಉಳಿದಿತ್ತು.

ಅದರ ಕೆಳಗೆ ಬೆರಳು ದಪ್ಪದ ಕಪ್ಪು ಗೆರೆ, ಬೂದಿ.
ಪ್ಲೇಗಿನ ವರ್ಷವೋ, ಒಲೆಯ ಕಿಡಿಯೋ.
ಕಾಂಪೌಂಡಿನಾಚೆಯ ನಿವೃತ್ತ ಮಾಸ್ತರು
ಎರಡು ಇಸವಿ ಹೇಳಿದರು, ಎರಡನ್ನೂ ಆಣೆ ಇಟ್ಟು.
ದುರ್ಗಪ್ಪ ಯಂತ್ರದಿಂದಿಳಿದು ಬಂದ, ಗದಗಿನ ಕಡೆಯವನು,
ಸುಟ್ಟ ಕಾಳೊಂದನ್ನು ಉಗುರಲ್ಲಿ ಸೀಳಿ ಮೂಸಿದ.
"ಹತ್ತಿಕಾಳ್ರೀ ಮೇಡಂ. ನಮ್ಮ ಕಡೀದು."
ಸಮುದ್ರದ ಬದಿ ಹತ್ತಿ ಯಾರು ಬೆಳೆಯುತ್ತಾರೆ?
ಅರಬೈಲ ಘಟ್ಟ ಇಳಿದ ಚಕ್ಕಡಿಗಳು,
ಬಂದರಿನಲ್ಲಿ ಹಡಗಿಗೆ ಕಾದ ಅಂಡಿಗೆಗಳು...
ನಾನು ಹೇಳುತ್ತಲೇ ಇದ್ದೆ, ಅವನಿಗೆ ಬೇಕಿರಲಿಲ್ಲ.
ಎರಡು ಕಾಳು ಜೇಬಿಗೆ ಹಾಕಿಕೊಂಡ,
ಬಿತ್ತಿದರೆ ಬಾರದ ಕಾಳು.

ಹನ್ನೊಂದು ಗಂಟೆಗೆ ಬಕೆಟ್ಟು ಕಲ್ಲಿಗೆ ತಗುಲಿತು.
ಚಿರೆಕಲ್ಲಿನ ಬಾವಿ, ಹಲಸಿನಂತೆ ಸೀಳಿ ಅರ್ಧ,
ಅದರ ನಟ್ಟನಡುವೆ ಒಂದು ಗೋಡೆ.
ಎರಡೂ ಬದಿಯ ಕಲ್ಲಿಗೆ ಹಗ್ಗ ಕೊರೆದ ಗೀರು.
"ನಮ್ದೇ ಬಾವಿ ಬಾಯ್. ಪಾಲಿಂದು."
ಶೆವಂತಿ ತಾಂಡೇಲ, ಮೀನಬುಟ್ಟಿ ಇಳಿಸಿ
ಗುಂಡಿಯ ಅಂಚಿಗೆ ಕೂತಿದ್ದಳು.

ಮಾವನೂ ಅವನಣ್ಣನೂ ಎಬ್ಬಿಸಿದ ಗೋಡೆಯಂತೆ,
ನೀರಿನ ಮೇಲೆ ಮತ್ತಿಮರದ ತೊಲೆ ಹಾಸಿ, ಅದರ ಮೇಲೆ.
ಕೆಳಗಿನ ನೀರಿಗೂ ಗೋಡೆ ಇಳಿಸಲು
ಯಾವ ಗೌಂಡಿಯೂ ಒಪ್ಪಲಿಲ್ಲವಂತೆ.
ಅತ್ತೆಯ ತಾಮ್ರದ ಕೊಡ ಒಂದು ಸಂಜೆ ಹಗ್ಗ ಹರಿದು ಬಿತ್ತು.
ಪಾತಾಳಗರಡಿ ಬಿಟ್ಟರೆ ಬರೀ ಕೆಸರು.
ಆ ಬದಿಯವರು ಎತ್ತಿಕೊಂಡರು ಎಂದು
ಮೂವತ್ತು ವರ್ಷ ಮಾತು ಬಿಟ್ಟಳು,
ಓರಗಿತ್ತಿಯ ಹೆಣ ಹೋಗುವಾಗಲೂ ಬಾಗಿಲು ತೆರೆಯಲಿಲ್ಲ.
ನಲ್ಲಿ ಬಂದ ವರ್ಷ ಬಾವಿ ಮುಚ್ಚಿದರು, ಅದೂ ಪಾಲಿನಂತೆ:
ಈಚೆ ಹಂಚಿನ ಚೂರು, ಆಚೆ ತೆಂಗಿನ ಕರಟ.
ಹೌದು, ಹಾಗೇ ಇತ್ತು. ನಾನೇ ಅಳೆದೆ.

ಬಳಚಿನ ಚಿಪ್ಪಿನ ಪದರ ದಾಟಿ
ಕಾಂಡ್ಲದ ಬೇರು ಕಂಡಲ್ಲಿ
(ಮನೆಗಿಂತ ಮೊದಲು ಇಲ್ಲಿ ಏಡಿಗಳಿದ್ದವು)
ಕೊಡ ಸಿಕ್ಕಿತು.
ಸರಿಯಾಗಿ ತೊಲೆಯ ಕೆಳಗೆ, ಕವುಚಿಕೊಂಡು,
ಅರ್ಧ ಈಚೆ ಅರ್ಧ ಆಚೆ.
ಯಾವ ಬದಿಯ ಗರಡಿಯೂ ತಲುಪದ ಜಾಗ.

ಶೆವಂತಿ ಆ ಬದಿಯ ಮನೆ ಇದ್ದ ಕಡೆ ನೋಡಿದಳು.
ಅಲ್ಲಿ ಸ್ಕೂಟರ್ ಶೋರೂಮು.
ಸೆರಗಿನಲ್ಲಿ ಕೊಡದ ಕಂಠ ಒರೆಸಿ
ಒಳಗೆ ಕೈ ಹಾಕಿದಳು, ಬೆರಳು ತಳದಿಂದ ಆಚೆ ಬಂತು.
"ನೀರು ನಿಲ್ಲೂದಿಲ್ಲ ಇದ್ರಲ್ಲಿ."
ಬುಟ್ಟಿಯ ಮೇಲೆ ಕೊಡ ಇಟ್ಟು, ಹೊತ್ತು,
ಬಂಗಡೆ ಎಂದು ಕೂಗುವುದನ್ನು ಮರೆತು
ಎರಡು ಮನೆ ದಾಟಿ ಹೋದಳು. ಆಮೇಲೆ ಕೂಗು ಕೇಳಿಸಿತು.

ಭರತದ ಹೊತ್ತಿಗೆ ಗುಂಡಿಯಲ್ಲಿ ನೀರು ಜಿನುಗಿತು.
ಬೆರಳದ್ದಿ ನಾಲಗೆಗಿಟ್ಟೆ: ಅರೆ ಉಪ್ಪು.

ಸಂಜೆ ನಮೂನೆ ತುಂಬಿದೆ.
ಸೊನ್ನೆಯಿಂದ ನಾಲ್ಕು ಮೀಟರ್, ತುಂಬುಮಣ್ಣು.
ಏಟಿನ ಲೆಕ್ಕ, ಮೂರು.
ಷರಾ: ಭಾರ ಹೊರಲಾರದು, ತೆಗೆದುಹಾಕತಕ್ಕದ್ದು.
ಲಾರಿ ಹಿಂದೆ ಹಿಂದೆ ಬಂದು ನಿಂತಿತು.
ದುರ್ಗಪ್ಪ ಕೇಳಿದ, "ಇದನ್ನ ಎಲ್ಲಿ ಹಾಕೂನ್ರೀ?"
ಬಿಣಗಾದಲ್ಲಿ ಒಂದು ತಗ್ಗು ಸೈಟಿದೆ, ಅಂದೆ.